ಹನ್ನೊಂದು ಅರ್ಧ ಕೋಳಿಗಳು

ಮೇ ತಿಂಗಳ ಒಂದು ಮಧ್ಯಾಹ್ನ ಅಕ್ಕನ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ, ಅದರ ಮೇಲೆ ಚಿತ್ರಗಳನ್ನು ಹರಡಿಕೊಂಡು ಕೂತಿದ್ದೆವು. ಪುತ್ತೂರಿನಿಂದ ಒಳಗೆ ಹೋಗಬೇಕಾದ ಹಳ್ಳಿ ಅದು. ಅಕ್ಕನ ಮಗಳು ಪಿ.ಯು.ಸಿ. ಮುಗಿಸಿದ್ದಳು. ಚಿತ್ರಕಲೆಯನ್ನೇ ಓದುತ್ತೇನೆಂದು ಹಟ ಹಿಡಿದಿದ್ದಳು. ಅರ್ಜಿಯ ಜೊತೆ ತೋರಿಸಲು ಒಳ್ಳೆಯ ಚಿತ್ರಗಳ ಒಂದು ಕಟ್ಟು ಬೇಕು, ಆರಿಸಿಕೊಡಿ ಮಾವ ಎಂದು ನನ್ನನ್ನು ಕರೆಸಿದ್ದಳು.

ಅವಳು ಮೇಲಿಟ್ಟದ್ದೆಲ್ಲ ಮೊಬೈಲು ನೋಡಿ ಬಿಡಿಸಿದ ಚಿತ್ರಗಳು. ರಾಧಾಕೃಷ್ಣ, ಸಿನಿಮಾ ನಟರ ಮುಖ, ಅರಳಿದ ಗುಲಾಬಿ. ಪೆನ್ಸಿಲನ್ನು ಬೆರಳಿನಿಂದ ತಿಕ್ಕಿ ತಿಕ್ಕಿ ಕೆನ್ನೆಗೆ ಗಾಜಿನ ಹೊಳಪು ತಂದಿದ್ದಳು. ಶ್ರಮ ಇಲ್ಲವೆನ್ನಲಾಗದು. ಆ ಹಾಳೆಗಳ ಅಡಿಯಲ್ಲಿ ಅವಳ ಅಪ್ಪನ ಹಳೆಯ ಅಡಿಕೆ ಲೆಕ್ಕದ ಪುಸ್ತಕವೊಂದಿತ್ತು. ತಿರುವಿದರೆ ಖಾಲಿ ಪುಟಗಳ ತುಂಬ ಕೋಳಿಗಳು. ಕೋಳಿ ಕೂತಲ್ಲಿ ಕೂರುವ ಪ್ರಾಣಿಯಲ್ಲವಷ್ಟೆ. ಒಂದರ ಕುತ್ತಿಗೆ ಇದೆ, ಕಾಲಿಲ್ಲ. ಇನ್ನೊಂದರ ಬಾಲ ಇದೆ, ತಲೆ ಬರುವುದರೊಳಗೆ ಅದು ಹಟ್ಟಿಯ ಹಿಂದೆ ಹೋಗಿದೆ. ಒಂದೇ ಪುಟದಲ್ಲಿ ಎಣಿಸಿದೆ, ಹನ್ನೊಂದು ಅರ್ಧರ್ಧ ಕೋಳಿಗಳು. ಕಾಳು ಹೆಕ್ಕಲು ಬಾಗಿದ ಕತ್ತಿನ ಆ ಒಂದೇ ಗೆರೆಯಲ್ಲಿ ಹಸಿವೂ ಇತ್ತು, ಹೆದರಿಕೆಯೂ ಇತ್ತು.

"ಇದನ್ನು ಸೇರಿಸು" ಎಂದೆ.

"ಅಯ್ಯೋ ಮಾವ, ಅದು ಎಂತ? ಪೂರ್ತಿ ಒಂದೂ ಇಲ್ಲ. ಹಿಂದೆ ಲೆಕ್ಕ ಬೇರೆ ಉಂಟು."

"ಇರಲಿ. ಲೆಕ್ಕವೂ ಹೋಗಲಿ."

ಭಾವ ಅಂಗಳದಿಂದಲೇ ಕೇಳಿದರು: "ಅದೆಲ್ಲ ಸರಿ, ಇದನ್ನು ಕಲಿತು ಮುಂದೆ ಎಂತ ಮಾಡುವುದು?" ಆ ಪ್ರಶ್ನೆಗೆ ಆಗ ನನ್ನಲ್ಲಿ ಚುಟುಕಾದ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಚಿತ್ರ ಕಲಿಯಲು ಊರು ಬಿಡುವುದು ನಮ್ಮ ಕರಾವಳಿಗೆ ಹೊಸತಲ್ಲ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ತಂದೆ ಗಣಪತಿಯ ವಿಗ್ರಹ ಮಾಡುತ್ತಿದ್ದವರು. ಮಗ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಕಲಿತು, ಅಲ್ಲಿಂದ ಮುಂಬಯಿಗೆ ಹೋಗಿ, 1938ರಲ್ಲಿ ಜೆ.ಜೆ. ಕಲಾಶಾಲೆಯ ಡಿಪ್ಲೊಮಾ ಪಡೆದರು. ಮುಂದೆ ಪ್ಯಾರಿಸ್ಸಿಗೂ ಹೋಗಿ ಕಲಿತರು. ನನಗೆ ಇದೆಲ್ಲಕ್ಕಿಂತ ಪ್ರಿಯವಾದ ಸಂಗತಿ ಬೇರೆ. ಗೆರೆಗೆ ಲಯ ಎಲ್ಲಿಂದ ಬರುತ್ತದೆ ಎಂದು ತಿಳಿಯಲಿಕ್ಕಾಗಿ ಅವರು ಪಂಡಿತ್ ಸುಂದರ ಪ್ರಸಾದರಲ್ಲಿ ಕಥಕ್ ಕಲಿತರು. ಚಿತ್ರಗಾರ ಗೆಜ್ಜೆ ಕಟ್ಟಿದ್ದು ವೇದಿಕೆ ಏರಲಿಕ್ಕಲ್ಲ, ಒಂದು ಗೆರೆ ಎಳೆಯಲಿಕ್ಕೆ. ಹೆಬ್ಬಾರರ ರೇಖಾಚಿತ್ರಗಳಲ್ಲಿ ನರ್ತಕಿಯ ಸೆರಗು ಒಂದೇ ಉಸಿರಿನಲ್ಲಿ ಸುತ್ತಿ ಇಳಿಯುವುದನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ.

ಆ ಕಾಲದಲ್ಲಿ ಹೆಚ್ಚಾಗಿ ಮೈಸೂರು ಅಥವಾ ಮುಂಬಯಿ. ಹುಡುಗನಾದರೆ ಪೆಟ್ಟಿಗೆ ಹೊತ್ತು ಹೊರಡುತ್ತಿದ್ದ, ಹುಡುಗಿಯಾದರೆ ರಂಗೋಲಿಯಲ್ಲಿ ಮುಗಿಸುತ್ತಿದ್ದಳು. ಬೆಂಗಳೂರಿನಲ್ಲಿ ಮೊದಲು ಎ.ಎನ್. ಸುಬ್ಬರಾಯರ ಕಲಾಮಂದಿರ, ಆಮೇಲೆ ಆರ್.ಎಂ. ಹಡಪದರ ಕೆನ್ ಕಲಾಶಾಲೆ, ನಂಜುಂಡರಾಯರ ಚಿತ್ರಕಲಾ ಪರಿಷತ್ತು ಹೀಗೆ ಒಬ್ಬೊಬ್ಬರ ಹಟದಿಂದ ಶಾಲೆಗಳು ಎದ್ದವು. ನಮ್ಮ ಮಂಗಳೂರಿನಲ್ಲಿ ಬಿ.ಜಿ. ಮಹಮ್ಮದರು ತಮ್ಮ ಚಿತ್ರಶಾಲೆಯಲ್ಲಿ ತಲೆಮಾರುಗಳಿಗೆ ಕುಂಚ ಹಿಡಿಯಲು ಕಲಿಸಿದರು. ಈಗ ನಗರದಲ್ಲಿ ಮಹಾಲಸಾ ಚಿತ್ರಕಲಾ ಕಾಲೇಜಿದೆ, ಮೂಡುಬಿದಿರೆಯ ಆಳ್ವಾಸಿನಲ್ಲಿ ದೃಶ್ಯಕಲೆಯ ವಿಭಾಗವಿದೆ. ಪುತ್ತೂರಿನ ಹುಡುಗಿ ಬಸ್ಸಿನಲ್ಲಿ ಹೋಗಿ ಚಿತ್ರ ಕಲಿಯಬಹುದಾದ ಕಾಲ ಬಂದದ್ದು ಸಣ್ಣ ಮಾತಲ್ಲ.

ನಮ್ಮ ಹುಡುಗಿಗೆ ಮಂಗಳೂರು ಎಂದು ನಿಶ್ಚಯವಾಯಿತು. ಬಿ.ವಿ.ಎ., ನಾಲ್ಕು ವರ್ಷದ ಓದು. ಅರ್ಜಿ ತುಂಬಿಸಿದೆವು. ಅಂಕಪಟ್ಟಿ, ಟಿ.ಸಿ., ಫೋಟೊ, ಹೈಸ್ಕೂಲಿನಲ್ಲಿ ಪಾಸಾದ ಡ್ರಾಯಿಂಗ್ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳ ಸರ್ಟಿಫಿಕೇಟು ಎಲ್ಲ ಒಂದು ಫೈಲಿಗೆ ಸೇರಿತು. ಈ ಗ್ರೇಡ್ ಪರೀಕ್ಷೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಹಳ್ಳಿ ಶಾಲೆಗಳ ಡ್ರಾಯಿಂಗ್ ಮಾಸ್ಟ್ರುಗಳು ಶನಿವಾರ ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು, ಸ್ಟೂಲಿನ ಮೇಲೆ ಒಂದು ಚೆಂಬು, ಎರಡು ಬದನೆಕಾಯಿ ಇಟ್ಟು, ವಸ್ತುಚಿತ್ರ, ಪ್ರಕೃತಿಚಿತ್ರ, ವಿನ್ಯಾಸ ಎಂದು ತಯಾರು ಮಾಡುತ್ತಾರೆ. ಎಷ್ಟೋ ಹಳ್ಳಿಯ ಮಕ್ಕಳಿಗೆ ಚಿತ್ರವೂ ಒಂದು ವಿದ್ಯೆ ಎಂದು ಮೊದಲು ತಿಳಿಯುವುದು ಅಲ್ಲಿ. ಆ ಮಾಸ್ಟ್ರುಗಳಿಗೆ ನಾವು ಸಲ್ಲಿಸಿದ ಗೌರವ ಸಾಲದು.

ಸಂದರ್ಶನದಲ್ಲಿ ಹಿರಿಯ ಅಧ್ಯಾಪಕರೊಬ್ಬರು ಹೊಳೆಯುವ ಕೆನ್ನೆಗಳನ್ನು ಬೇಗ ಬೇಗ ಮಗುಚಿ ಕೋಳಿಯ ಪುಟದಲ್ಲಿ ನಿಂತರಂತೆ. "ಇದನ್ನು ಎಲ್ಲಿ ನೋಡಿ ಬರೆದೆ?" ಎಂದರಂತೆ. "ಅಂಗಳದಲ್ಲಿ ಸರ್" ಎಂದಳಂತೆ. ಮತ್ತೆ, ದೊಡ್ಡ ಚಿತ್ರಗಳನ್ನು ಎಲ್ಲಿಯಾದರೂ ಎದುರಿಗೆ ಕೂತು ನೋಡಿದ್ದೀಯಾ ಎಂಬ ಪ್ರಶ್ನೆ. ಶಾಲೆಯ ಪ್ರವಾಸದಲ್ಲಿ ಕಂಡ ಮಂಗಳೂರಿನ ಅಲೋಶಿಯಸ್ ಚಾಪೆಲ್ಲನ್ನು ಹೇಳಿದಳು.

ಬಾವುಟಗುಡ್ಡೆಯ ಆ ಚಾಪೆಲ್ಲಿನ ಕತೆಯೂ ಒಬ್ಬ ಕಲಾಶಾಲೆಯ ವಿದ್ಯಾರ್ಥಿಯ ಕತೆಯೇ. ಅಂತೋನಿಯೊ ಮೊಸ್ಕೇನಿ ಇಟಲಿಯ ಬೆರ್ಗಾಮೊ ಹತ್ತಿರದ ಊರಿನಲ್ಲಿ 1854ರಲ್ಲಿ ಹುಟ್ಟಿ, ಬೆರ್ಗಾಮೊದ ಕರಾರ ಅಕಾಡೆಮಿಯಲ್ಲಿ ಚಿತ್ರ ಕಲಿತವರು. ಯೇಸುಸಭೆ ಸೇರಿ, ಸಮುದ್ರ ದಾಟಿ ಬಂದು, 1899ರಿಂದ 1901ರವರೆಗೆ ಇಲ್ಲಿನ ಗೋಡೆ, ಕಮಾನು, ಮಾಡುಗಳನ್ನೆಲ್ಲ ತುಂಬಿಸಿದರು. ಕೆಲವನ್ನು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದರು, ಉಳಿದವನ್ನು ಹಸಿ ಗಾರೆಯ ಮೇಲೆ. ಈ ಹಸಿ ಗಾರೆಯ ಕೆಲಸ, ಅಂದರೆ ಫ್ರೆಸ್ಕೊ, ಬಹಳ ಕಟ್ಟುನಿಟ್ಟಿನದು. ಒಂದು ದಿನದಲ್ಲಿ ಮುಗಿಸಬಹುದಾದಷ್ಟೇ ಜಾಗಕ್ಕೆ ಸುಣ್ಣದ ಗಾರೆ ಬಳಿಯಬೇಕು, ಅದು ಒಣಗುವ ಮೊದಲು ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿ ಮುಗಿಸಬೇಕು. ಗಾರೆ ಗಾಳಿಗೆ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ತಪ್ಪಿದರೆ ಒರೆಸುವಂತಿಲ್ಲ, ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ನಮ್ಮ ಜೂನ್‌–ಜುಲೈ ತಿಂಗಳ ತೇವದಲ್ಲಿ, ನೆತ್ತಿಯ ಮೇಲೆ ಕೈಯೆತ್ತಿ ಹಿಡಿದು ಆ ಕೆಲಸ ಮಾಡಿದರಲ್ಲ ಎಂದು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಮೊಸ್ಕೇನಿ ಮತ್ತೆ ಊರಿಗೆ ಹೋಗಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಸೀಟು ಸಿಕ್ಕಿತು. ಆದರೆ ಸೀಟು ಸಿಗುವುದು ಬೇರೆ, ಕೂರುವುದು ಬೇರೆ.

ಅವಳು ಮಂಗಳೂರಿನ ನನ್ನ ಮನೆಯಲ್ಲೇ ಉಳಿದಳು. ಮೊದಲ ದಿನ ಡ್ರಾಯಿಂಗ್ ಬೋರ್ಡ್ ಹಿಡಿದು ಸಿಟಿ ಬಸ್ಸು ಹತ್ತಿದರೆ ಕಂಡಕ್ಟರು ತುಳುವಿನಲ್ಲಿ "ಅವು ದಾದ?" (ಅದೇನು?) ಎಂದು ಕೇಳಿ, ಚಿತ್ರದ ಹಲಗೆ ಎಂದು ಗೊತ್ತಾದ ಮೇಲೆ "ಪಿರ ಪೋಲೆ" (ಹಿಂದೆ ಹೋಗಿ) ಎಂದು ಹಿಂದಿನ ಸೀಟಿನ ಮೂಲೆಯಲ್ಲಿ ಅದಕ್ಕೊಂದು ಜಾಗ ಮಾಡಿಕೊಟ್ಟರಂತೆ. ಬಸ್ಸು ಸಲೀಸಾಯಿತು. ಕಷ್ಟವಾದದ್ದು ತರಗತಿ. ಊರಿನಲ್ಲಿ ಅವಳೊಬ್ಬಳೇ ಚಿತ್ರ ಬರೆಯುವ ಹುಡುಗಿ. ಶಾಲೆಯ ಗೋಡೆಪತ್ರಿಕೆಗೆ ಅವಳು, ಮದುವೆ ಮನೆಯ ಮಂಟಪಕ್ಕೆ ಅವಳು. ಇಲ್ಲಿ ಕೂತ ಎಲ್ಲರೂ ತಂತಮ್ಮ ಊರಿಗೆ ಒಬ್ಬೊಬ್ಬರೇ ಆಗಿದ್ದವರು. ಮೂರನೆಯ ವಾರ ಊಟ ಬಿಟ್ಟು ಮೂಲೆಯಲ್ಲಿ ಕೂತಳು. "ಮಾವ, ನನಗೆ ಚಿತ್ರ ಬರುವುದಿಲ್ಲ ಅಂತ ಈಗ ಗೊತ್ತಾಯಿತು."

ಕೇಳಿದರೆ, ನಾಲ್ಕು ದಿನದಿಂದ ಒಂದೇ ಹಿತ್ತಾಳೆಯ ಚೆಂಬು. ಬಾಯಿಯ ದುಂಡು ಕೂರುತ್ತಿಲ್ಲ. ನನಗೂ ಕುತೂಹಲ ಹುಟ್ಟಿತು. ಅಡುಗೆಮನೆಯಿಂದ ಚೆಂಬು ತಂದು ಮೇಜಿನ ಮೇಲಿಟ್ಟು ಇಬ್ಬರೂ ಕೂತೆವು. ಚೆಂಬಿನ ಬಾಯಿ ದುಂಡಗಿದೆ ಎಂದು ನಮಗೆ ಗೊತ್ತು. ಆ ಗೊತ್ತೇ ಕೈಯನ್ನು ಕೆಡಿಸುತ್ತದೆ. ಕಣ್ಣಿಗೆ ಕಾಣುವುದು ದುಂಡಲ್ಲ, ಒತ್ತಿದ ಮೊಟ್ಟೆಯ ಆಕಾರ. ಕಣ್ಣಿನ ಮಟ್ಟಕ್ಕೆ ತಂದರೆ ಅದು ಬರೀ ಒಂದು ಗೆರೆ. ಕೆಳಗಿಳಿಸಿದಂತೆ ಬಾಯಿ ತೆರೆಯುತ್ತದೆ. ಬಾಯಿಗಿಂತ ಬುಡದ ಬಾಗು ಇನ್ನೂ ಹೆಚ್ಚು ತೆರೆದಿರುತ್ತದೆ, ಏಕೆಂದರೆ ಅದು ಕಣ್ಣಿನಿಂದ ಇನ್ನೂ ಕೆಳಗಿದೆ. ಅಷ್ಟನ್ನು ಒಪ್ಪಿಕೊಳ್ಳಲು ಅವಳಿಗೆ ನಾಲ್ಕು ದಿನ ಬೇಕಾಯಿತು. ನನಗೆ ಐವತ್ತೈದು ವರ್ಷ ಬೇಕಾಯಿತು. ಅಷ್ಟು ವರ್ಷದಿಂದ ಆ ಚೆಂಬಿನಲ್ಲಿ ನೀರು ಕುಡಿದವನು ನಾನು.

ಕಲಾಶಾಲೆ ಕಲಿಸುವುದು ಇದನ್ನೇ ಎಂದು ನನಗೆ ಅನ್ನಿಸಿದ್ದು ಆ ರಾತ್ರಿ. ಇದ್ದ ಪ್ರತಿಭೆಗೆ ಅಲ್ಲಿ ಮೆರುಗು ಕೊಡುತ್ತಾರೆ ಎಂದು ನಾವು ತಿಳಿಯುತ್ತೇವೆ. ಮೊದಲು ಅವರು ಮಾಡುವ ಕೆಲಸ ಬೇರೆ: ಗೊತ್ತಿದೆ ಎಂದುಕೊಂಡದ್ದನ್ನೆಲ್ಲ ಕೆಳಗಿಳಿಸಿ, ಎದುರಿಗಿದ್ದುದನ್ನು ಇದ್ದ ಹಾಗೆ ನೋಡಲು ಕೂರಿಸುತ್ತಾರೆ. ಅಂಗಳದ ಕೋಳಿಯ ಮುಂದೆ ತಾನೇ ತಾನಾಗಿ ಮಾಡಿದ್ದನ್ನು ಇಲ್ಲಿ ತಿಳಿದು ಮಾಡಬೇಕು. ಊರಿನಲ್ಲಿ ಸಿಕ್ಕ 'ಒಳ್ಳೆ ಚಿತ್ರ ಬರೆಯುವ ಹುಡುಗಿ' ಎಂಬ ಹೆಸರು ಕಳೆದುಹೋಗುವಾಗ ನೋವಾಗುತ್ತದೆ. ಆ ನೋವಿಗೆ ಹೆದರಿ ತಿರುಗಿ ಹೋಗದಿದ್ದರೆ ಅಲ್ಲಿ ಒಂದು ಕಣ್ಣು ಹುಟ್ಟುತ್ತದೆ.

ಆಮೇಲೆ ಮಂಗಳೂರೇ ಅವಳಿಗೆ ಇನ್ನೊಂದು ತರಗತಿಯಾಯಿತು. ಕದ್ರಿ ದೇವಸ್ಥಾನಕ್ಕೆ ನಾನೂ ಹೋಗುತ್ತಿದ್ದೆ, ಕೈ ಮುಗಿದು ಬರುತ್ತಿದ್ದೆ. ಅವಳು ಲೋಕೇಶ್ವರನ ಎದುರು ಅರ್ಧ ಗಂಟೆ ನಿಂತಳು. ಕ್ರಿ.ಶ. 968ರ ಆ ಕಂಚಿನ ಮೂರ್ತಿಗೆ ಮೂರು ಮುಖ, ಆರು ಕೈ. "ಆರು ಕೈ ಇದ್ದರೂ ಹೆಗಲು ಭಾರ ಕಾಣುವುದಿಲ್ಲ ನೋಡಿ ಮಾವ" ಎಂದಳು. ಬಿಜೈಯ ಶ್ರೀಮಂತಿಬಾಯಿ ವಸ್ತುಸಂಗ್ರಹಾಲಯಕ್ಕೆ, ಹಳೆ ಬಂದರಿನ ದಕ್ಕೆಗೆ ಗೆಳತಿಯರ ಜೊತೆ ಹೋಗತೊಡಗಿದಳು. ದಕ್ಕೆಯಲ್ಲಿ ಮೀನು ಮಾರುವ ಹೆಂಗಸರು ಮೊದಲು ನಾಚಿದರಂತೆ, ಆಮೇಲೆ ತಮ್ಮ ಬುಟ್ಟಿಯ ಬೂತಾಯಿಗಳನ್ನು ಹೊಳೆಯುವ ಹಾಗೆ ಜೋಡಿಸಿ ಕೊಟ್ಟರಂತೆ.

ಮಳೆಗಾಲದಲ್ಲಿ ಮಂಗಳೂರಿನಲ್ಲಿ ಜಲವರ್ಣ ಕಲಿಯುವುದು ಒಂದು ತಪಸ್ಸು. ಹಚ್ಚಿದ ಬಣ್ಣ ಒಣಗದು. ಮೇಲೆ ಇನ್ನೊಂದು ಪದರ ಹಚ್ಚಿದರೆ ಎರಡೂ ಕಲಸಿ ಕೆಸರು. ಕಪಾಟಿನಲ್ಲಿಟ್ಟ ಹಾಳೆಗೆ ಬೂಷ್ಟು ಹಿಡಿದು ಕಂದು ಚುಕ್ಕೆ ಏಳುತ್ತದೆ. ನನ್ನ ಹೆಂಡತಿ ಹಪ್ಪಳದ ಡಬ್ಬಿಗಳ ಪಕ್ಕದಲ್ಲೇ ಹಾಳೆಗಳಿಗೂ ಜಾಗ ಕೊಟ್ಟಳು. ಒಂದು ಸಂಜೆ ಹುಡುಗಿ ಎದುರು ಮನೆಯ ಹೆಂಚಿನ ಮಾಡು ಬರೆಯುತ್ತಿದ್ದಳು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹೋದ ನಮ್ಮ ಹೆಂಚು. ಹೆಂಚು ಎಂದರೆ ಕೆಂಪು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಅವಳ ತಟ್ಟೆಯಲ್ಲಿ ಕೆಂಪು ಸ್ವಲ್ಪವೇ ಇತ್ತು. ಪಾಚಿಯ ಹಸಿರು, ಒದ್ದೆಯ ಕಪ್ಪು, ಆಕಾಶ ಬಿದ್ದಲ್ಲಿ ಬೂದುನೀಲಿ, ಮೊನ್ನೆ ಬದಲಿಸಿದ ನಾಲ್ಕು ಹೊಸ ಹೆಂಚುಗಳಲ್ಲಿ ಮಾತ್ರ ಕೆಂಪು. ಕಿಟಕಿಯಿಂದ ನೋಡಿದೆ. ಹಾಗೆಯೇ ಇತ್ತು.

ದಸರೆಗೆ ಹುಲಿವೇಷದವರಿಗೆ ಬಣ್ಣ ಹಚ್ಚುವುದನ್ನು ನೋಡಲು ಹೋದಳು. ಮೊದಲು ಮೈಗೆಲ್ಲ ಬಿಳಿ, ಅದು ಒಣಗಿದ ಮೇಲೆ ಹಳದಿ, ಅದರ ಮೇಲೆ ಪಟ್ಟೆ. ವೇಷ ಹಾಕುವವರು ಕೋಲುಗಳ ಮೇಲೆ ಕೈ ಚಾಚಿಟ್ಟು ಗಂಟೆಗಟ್ಟಲೆ ನಿಂತೇ ಇರಬೇಕು. ಪಟ್ಟೆ ಪಿಲಿಗೆ (ಪಟ್ಟೆ ಹುಲಿಗೆ) ಒಂದು ಬರವಣಿಗೆ, ಚಿಟ್ಟೆ ಪಿಲಿಗೆ (ಚಿರತೆಗೆ) ಇನ್ನೊಂದು. "ಉಸಿರಾಡುವ ಹೊಟ್ಟೆಯ ಮೇಲೆ ನೇರ ಗೆರೆ ಎಳೆಯುತ್ತಾರೆ ಮಾವ, ಅವರು ಯಾವ ಕಾಲೇಜಿಗೂ ಹೋದವರಲ್ಲ" ಎಂದಳು. ಆ ಗೌರವ ಅವಳ ಮಾತಿನಲ್ಲಿ ಬಂದದ್ದು ಕಂಡು ನನಗೆ ಅವಳು ಕಾಲೇಜಿಗೆ ನಿಜವಾಗಿ ಹೊಂದಿಕೊಂಡಳು ಎಂದು ಸಮಾಧಾನವಾಯಿತು.

ದೀಪಾವಳಿಗೆ ಅವಳ ಜೊತೆ ನಾನೂ ಪುತ್ತೂರಿಗೆ ಹೋದೆ. ಭಾವ ಚಾವಡಿಯಲ್ಲಿ ಕೂತು ಹಿಂದಿನ ಬೆಳೆಯ ಅಡಿಕೆ ಸುಲಿಯುತ್ತಿದ್ದರು. ಅವಳು ಚೀಲ ಇಳಿಸಿ, ನೀರು ಕುಡಿದು, ಎದುರಿಗೆ ಹಲಗೆ ಹಿಡಿದು ಕೂತಳು. ಭಾವ ತಕ್ಷಣ ಕೆಲಸ ನಿಲ್ಲಿಸಿ, ಬೆನ್ನು ನೇರ ಮಾಡಿ, ಅಂಗಿ ಬೇಕೆಂದು ಒಳಗೆ ಕೂಗಿದರು.

"ಬೇಡ ಅಪ್ಪ. ನೀವು ಸುಲಿಯುತ್ತಾ ಇರಿ."

ಮೊದಲು ಮುಜುಗರ. ಆಮೇಲೆ ಅಡಿಕೆಯ ಲಯಕ್ಕೆ ಕೈ ತಾನೇ ಹೊರಳಿತು. ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಪೆನ್ಸಿಲಿನ ಸದ್ದು, ಕತ್ತಿಯ ಸದ್ದು. ಅಕ್ಕ ದೀಪ ಹಚ್ಚುವವರೆಗೂ ಇಬ್ಬರೂ ಏಳಲಿಲ್ಲ. ಅಷ್ಟು ಹೊತ್ತು ಆ ಮನುಷ್ಯನನ್ನು ಯಾರಾದರೂ ಹಾಗೆ ನೋಡಿದ್ದುಂಟೋ ಇಲ್ಲವೋ.

ಭಾವ ಹಾಳೆಯನ್ನು ದೀಪದ ಹತ್ತಿರ ಹಿಡಿದರು. ಮುಂದೆ ಎಂತ ಮಾಡುವುದು ಎಂದು ಕೇಳಲಿಲ್ಲ. ತಮ್ಮ ಬಲಗೈಯನ್ನು ಚಿತ್ರದ ಪಕ್ಕದಲ್ಲಿಟ್ಟು, ಗಾಯದ ಹಳೆಯ ಗುರುತಿರುವ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನೂ ಹಾಕಿದ್ದೀಯಲ್ಲ" ಎಂದರು.