ಕಾಲ್ನಡಿಗೆಯ ಕಾಡು ಮಾಥೇರಾನ್

ರಜೆ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಕುಟುಂಬಗಳು ಕ್ಷೇತ್ರದರ್ಶನಕ್ಕೆ ಹೊರಡುವುದು ವಾಡಿಕೆ. ಅದು ಇರಲೇಬೇಕು. ಅದರ ಜೊತೆಗೆ ಎರಡು ದಿನ ಬಿಡುವು ಮಾಡಿಕೊಂಡು ಮಕ್ಕಳಿಗೆ ಕಾಡು ತೋರಿಸಬೇಕು ಅನ್ನುವವರಿಗೆ ರಾಯಗಡ ಜಿಲ್ಲೆಯ ಮಾಥೇರಾನ್ ಒಳ್ಳೆಯ ಸ್ಥಳ. ‘ಮಾಥಾ’ ಅಂದರೆ ತಲೆ, ‘ರಾನ್’ ಅಂದರೆ ಕಾಡು. ಗುಡ್ಡದ ನೆತ್ತಿಯ ಮೇಲಿನ ಕಾಡು ಎಂದು ಹೆಸರೇ ಹೇಳುತ್ತದೆ. ಎತ್ತರ ಸುಮಾರು 800 ಮೀಟರು.

ಸೊಲ್ಲಾಪುರದಿಂದ ಪುಣೆ, ಲೋಣಾವಳಾ ದಾಟಿ ಕರ್ಜತದಲ್ಲಿ ಇಳಿದು, ಅಲ್ಲಿಂದ ಮುಂಬಯಿ ಲೋಕಲ್ ಹಿಡಿದರೆ ನೇರಳ ಸಿಗುತ್ತದೆ. ನೇರಳದಿಂದ ಟ್ಯಾಕ್ಸಿಗಳು ಘಾಟು ಹತ್ತಿ ದಸ್ತೂರಿ ನಾಕಾದವರೆಗೆ ಒಯ್ಯುತ್ತವೆ. ನಿಮ್ಮ ಸ್ವಂತ ಕಾರಿದ್ದರೂ ಅದು ಅಲ್ಲಿಯೇ ನಿಲ್ಲಬೇಕು. ಮುಂದೆ ಊರೊಳಗೆ ಖಾಸಗಿ ವಾಹನಕ್ಕೆ ಪ್ರವೇಶವಿಲ್ಲ. ಪ್ರವೇಶಶುಲ್ಕ ತೆತ್ತು, ಪೇಟೆಯವರೆಗೆ ಮುಕ್ಕಾಲು ತಾಸು ನಡೆಯಬೇಕು; ಇಲ್ಲವೆ ಕುದುರೆ ಹತ್ತಬೇಕು; ಇಲ್ಲವೆ ಪಕ್ಕದ ಅಮನ್ ಲಾಜ್ ನಿಲ್ದಾಣದಿಂದ ಪುಟಾಣಿ ರೈಲು ಹಿಡಿಯಬೇಕು.

ಈ ಪುಟಾಣಿ ರೈಲಿನ ಕಥೆ ವ್ಯಾಪಾರಸ್ಥರಾದ ನಮಗೆ ಹಿಡಿಸುವಂಥದು. 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಈ ಗುಡ್ಡ ಹತ್ತಿದ ಮೇಲೆ ಇಲ್ಲಿ ಬಂಗಲೆಗಳು ಎದ್ದವು. ಆದರೆ ಮೇಲೆ ಬರುವವರಿಗೆ ಕುದುರೆ, ಪಲ್ಲಕ್ಕಿ ಬಿಟ್ಟರೆ ಗತಿ ಇರಲಿಲ್ಲ. ಮುಂಬಯಿಯ ವ್ಯಾಪಾರಿ ಸರ್ ಆದಮ್‌ಜೀ ಪೀರ್‌ಭಾಯ್ ಸುಮಾರು 16 ಲಕ್ಷ ರೂಪಾಯಿ ವೆಚ್ಚದಲ್ಲಿ ನೇರಳದಿಂದ ಮೇಲಿನವರೆಗೆ ಹಳಿ ಹಾಕಿಸಿದರು. ಕೆಲಸದ ಉಸ್ತುವಾರಿ ಅವರ ಮಗ ಅಬ್ದುಲ್ ಹುಸೇನರದು. 1907ರಲ್ಲಿ ರೈಲು ಓಡಿತು. ಎರಡೇ ಅಡಿ ಅಗಲದ ಹಳಿ, ಉದ್ದ ಸುಮಾರು 21 ಕಿಲೋಮೀಟರು. ಮಳೆಗಾಲದಲ್ಲಿ ನೇರಳದಿಂದ ಬರುವ ಗಾಡಿ ನಿಲ್ಲುತ್ತದೆ. 2005ರ ಮಹಾಮಳೆಯಲ್ಲಿ ಕೊಚ್ಚಿಹೋದ ದಾರಿಯನ್ನು ಮತ್ತೆ ಕಟ್ಟಿ 2007ರಲ್ಲಿ ರೈಲು ಬಿಟ್ಟರು. 2019ರ ಮಳೆಗೆ ಮತ್ತೆ ಕೆಟ್ಟು, 2022ರಲ್ಲಿ ಪುನಃ ಆರಂಭವಾಯಿತು.

2003ರಲ್ಲಿ ಕೇಂದ್ರ ಸರಕಾರ ಮಾಥೇರಾನ್ ಮತ್ತು ಸುತ್ತಲಿನ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಿತು. ಅದರ ಫಲ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಹಾರ್ನ್ ಇಲ್ಲ, ಹೊಗೆ ಇಲ್ಲ. ಕೆಂಪು ಮಣ್ಣಿನ ದಾರಿ, ಮೇಲೆ ನೇರಳೆ ಮರಗಳ ನೆರಳು. ಅದೃಷ್ಟವಿದ್ದರೆ ಕೊಂಬೆಯಿಂದ ಕೊಂಬೆಗೆ ಹಾರುವ ಕೆಂಜಳಿಲನ್ನೂ ನೋಡಬಹುದು. ಮರಾಠಿಯವರು ಅದಕ್ಕೆ ಶೇಕರೂ ಅನ್ನುತ್ತಾರೆ. ನೋಡುವ ‘ಪಾಯಿಂಟು’ಗಳು ಮೂವತ್ತಕ್ಕೂ ಮೇಲೆ. ಬೆಳಗಿನ ಸೂರ್ಯನಿಗೆ ಪ್ಯಾನೊರಮಾ, ಸಂಜೆಯ ಸೂರ್ಯನಿಗೆ ಪಾರ್ಕ್ಯುಪೈನ್, ಮಕ್ಕಳು ಕೂಗಿ ಮರುದನಿ ಕೇಳಲು ಎಕೋ ಪಾಯಿಂಟ್. ಶಾರ್ಲಟ್ ಕೆರೆ ಊರಿನ ಕುಡಿಯುವ ನೀರಿನ ಆಸರೆ. ಅದರ ದಂಡೆಯ ಮೇಲೆ ಕಸ ಚೆಲ್ಲುವುದು ಯಾರದೋ ಕೊಡಕ್ಕೆ ಕಸ ಹಾಕಿದಂತೆ.

2024ರ ಡಿಸೆಂಬರದಲ್ಲಿ ನಾವು ಮನೆಮಂದಿ ಏಳು ಜನ ಹೋಗಿದ್ದೆವು. ದಸ್ತೂರಿಯಲ್ಲಿ ಇಳಿಯುತ್ತಲೇ ಕೈಗಾಡಿಯವರು ಸುತ್ತುಗಟ್ಟಿದರು. ಒಬ್ಬ ಮುಂದೆ ಎಳೆಯುವುದು, ಇಬ್ಬರು ಹಿಂದೆ ದಬ್ಬುವುದು, ನಡುವೆ ಒಬ್ಬರು ಕೂಡುವುದು. ಮೊಣಕಾಲು ನೋವಿನ ನಮ್ಮ ಅವ್ವನಿಗೆ ಅದೇ ಅನುಕೂಲ ಎಂದು ನಮ್ಮ ತಮ್ಮ ಹೇಳಿದ. ಅವ್ವ ಒಪ್ಪಲಿಲ್ಲ. “ಮನಿಷ್ಯಾ ಎಳಿಯೂ ಗಾಡ್ಯಾಗ ನಾ ಕೂಡಂಗಿಲ್ಲಪಾ” ಎಂದಳು. ಅದಕ್ಕೆ ಗಾಡಿಯ ಹಿರಿಯ, ನಗುತ್ತಲೇ, ಮರಾಠಿಯಲ್ಲಿ ಕೇಳಿದ: “ಆಯೀ, ನೀವು ಕೂಡದಿದ್ದರೆ ನಮ್ಮ ಮನೆಯ ಒಲೆ ಹೊತ್ತುವುದು ಹೇಗೆ?” ಅವ್ವನ ಮಾತೂ ಖರೆ, ಅವನ ಮಾತೂ ಖರೆ. ಕೊನೆಗೆ ಅವ್ವ ರೈಲಿನಲ್ಲಿ ಹೋದಳು. ನಮ್ಮ ನಾಲ್ಕು ಚೀಲಗಳನ್ನು ಅವನ ಗಾಡಿಯಲ್ಲಿ ಹೇರಿಸಿ, ಒಬ್ಬ ಸವಾರಿಯ ಬಾಡಿಗೆಯನ್ನೇ ಕೊಟ್ಟೆವು.

ಆ ಪ್ರಶ್ನೆ ನಮ್ಮ ಮನೆಯದಷ್ಟೇ ಆಗಿರಲಿಲ್ಲ. ಇ-ರಿಕ್ಷಾಗಳನ್ನು ಪ್ರಾಯೋಗಿಕವಾಗಿ ಓಡಿಸಲು ಸುಪ್ರೀಂ ಕೋರ್ಟು 2022ರಲ್ಲಿಯೇ ಒಪ್ಪಿಗೆ ಕೊಟ್ಟಿತ್ತು. 2025ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯ, ಮನುಷ್ಯ ಮನುಷ್ಯನನ್ನು ಎಳೆಯುವ ಪದ್ಧತಿ ಅಮಾನವೀಯ ಎಂದು, ಆರು ತಿಂಗಳೊಳಗೆ ಅದನ್ನು ನಿಲ್ಲಿಸಬೇಕೆಂದು ಆದೇಶಿಸಿತು. ಜೊತೆಗೆ ಗಾಡಿ ಎಳೆಯುವವರಿಗೆ ಇ-ರಿಕ್ಷಾ ಕೊಟ್ಟು ಪುನರ್ವಸತಿ ಮಾಡಬೇಕೆಂದೂ ಹೇಳಿತು. ಅವ್ವನಿಗೂ ಆ ಹಿರಿಯನಿಗೂ ಒಂದೇ ತೀರ್ಪಿನಲ್ಲಿ ಉತ್ತರ ಸಿಕ್ಕಿತು. ಒಂದು ಪದ್ಧತಿಯನ್ನು ಕೈಬಿಡುವಾಗ ಅದರಿಂದ ಉಣ್ಣುವವರ ಕೈಬಿಡಬಾರದು ಎಂಬುದು ಅದರ ಸಾರ.

ಕುದುರೆಯ ವಿಷಯವೂ ಹೀಗೆಯೇ. ಮಕ್ಕಳಿಗೆ ಕುದುರೆ ಸವಾರಿ ಎಂದರೆ ಪಂಚಪ್ರಾಣ. ಬೇಡವೆನ್ನುವುದು ಕಷ್ಟ, ಕುದುರೆಯನ್ನೇ ನಂಬಿದ ಸಂಸಾರಗಳೂ ಅಲ್ಲಿವೆ. ಆದರೆ ಹತ್ತುವ ಮೊದಲು ಕುದುರೆಯನ್ನು ನೋಡಿರಿ. ಜೀನಿನ ಕೆಳಗೆ ಹುಣ್ಣಿದೆಯೆ, ಕುಂಟುತ್ತಿದೆಯೆ, ನೀರು ಕುಡಿದಿದೆಯೆ ಎಂದು ಕೇಳಿರಿ. ಒಂದು ಕುದುರೆಗೆ ಒಬ್ಬರೇ. ಭಾರದ ಮೈಯವರು ನಡೆಯುವುದೇ ಲೇಸು. ಕಡಿದಾದ ಏರಿನಲ್ಲಿ ಇಳಿದು ನಡೆದರೆ ಮಕ್ಕಳಿಗೂ ಒಂದು ಪಾಠ. ಓಡಿಸು ಎಂದು ಕುದುರೆಯವನಿಗೆ ದುಂಬಾಲು ಬೀಳಬಾರದು; ದಾರಿಯ ಬದಿಗೆ ಕಮರಿ ಇದೆ.

ಇನ್ನು ದರದ ಮಾತು. ಬಾಡಿಗೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ, ಆದರೆ ಹತ್ತು ರೂಪಾಯಿಗಾಗಿ ಜಗ್ಗಾಡಬೇಡಿರಿ. ಪೇಟೆಯಲ್ಲಿ ಸಾಮಾನು ತುಟ್ಟಿ ಎಂದು ಹಲವರು ಗೊಣಗುತ್ತಾರೆ. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಲಾರಿ ಬಾರದ ಊರಿಗೆ ಸರಕು ಬರುವುದು ಕುದುರೆಯ ಬೆನ್ನಿನ ಮೇಲೆ, ಕೂಲಿಯ ತಲೆಯ ಮೇಲೆ. ಸಾಗಾಟದ ಖರ್ಚು ಬೆಲೆಯಲ್ಲಿ ಸೇರಲೇಬೇಕು. ಆ ನಿಶ್ಶಬ್ದಕ್ಕೆ ನಾವು ಕೊಡುವ ಕಿಮ್ಮತ್ತು ಅದು.

ಹೋಗುವವರಿಗೆ ಕೆಲವು ಸೂಚನೆಗಳು. ನವೆಂಬರದಿಂದ ಫೆಬ್ರುವರಿಯವರೆಗೆ ಹವೆ ಹಿತ. ಶನಿವಾರ-ರವಿವಾರ ಮುಂಬಯಿಯ ಗದ್ದಲ. ವಾರದ ನಡುವೆ ಹೋಗಿರಿ. ಹಳೆಯ ಗಟ್ಟಿ ಬೂಟು ಹಾಕಿರಿ, ಕೆಂಪು ಧೂಳು ಬಿಳಿ ಬಟ್ಟೆಯನ್ನು ಬಿಡುವುದಿಲ್ಲ. ತಿಂಡಿಯ ಡಬ್ಬಿ ಚೀಲದೊಳಗಿರಲಿ, ಮಂಗಗಳು ಕೈಯಲ್ಲಿದ್ದುದನ್ನು ಕಸಿಯುತ್ತವೆ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವವರು ವಸತಿಗೃಹದಲ್ಲಿ ಬೆಳಿಗ್ಗೆಯೇ ತಿಳಿಸಿಟ್ಟರೆ, ಉಂಡುಕೊಂಡೇ ಪಾರ್ಕ್ಯುಪೈನ್ ಪಾಯಿಂಟಿಗೆ ಹೋಗಬಹುದು. ಬರುವಾಗ ಕತ್ತಲೆಯಾಗುತ್ತದೆ, ಬ್ಯಾಟರಿ ಮರೆಯಬೇಡಿರಿ. ಅಂಚಿನಲ್ಲಿ ನಿಂತು ಫೋಟೋ ತೆಗೆಯುವ ಹುಚ್ಚು ಬೇಡ.

ಗುಡಿಗೆ ಹೋದಾಗ ಚಪ್ಪಲಿಯನ್ನು ಹೊರಗೆ ಬಿಡುತ್ತೇವೆ. ಮಾಥೇರಾನದಲ್ಲಿ ಮೋಟಾರನ್ನು ಹೊರಗೆ ಬಿಟ್ಟರೆ ಸಾಕು, ಕಾಡು ಬರಮಾಡಿಕೊಳ್ಳುತ್ತದೆ. ಮಕ್ಕಳ ಕೈ ಹಿಡಿದು ನಡೆಯಿರಿ, ಹಿರಿಯರ ಹೆಜ್ಜೆಗೆ ಹೆಜ್ಜೆ ಹೊಂದಿಸಿರಿ. ತಂದ ಪ್ಲಾಸ್ಟಿಕ್ ಚೀಲವನ್ನು ತಿರುಗಿ ಮನೆಗೇ ತನ್ನಿರಿ.