ಗೇರ್‌ಬಾಕ್ಸ್ ಎರಡನೇ ಸಲ ಇಳಿದಾಗ

ಸಂಜೆ ಏಳು ಗಂಟೆ. ನಾಗರಬಾವಿ ಕಡೆಯಿಂದ ರಿಂಗ್ ರೋಡಿನಲ್ಲಿ ಬಂದು ಸುಮನಹಳ್ಳಿ ಮೇಲ್ಸೇತುವೆ ಹತ್ತುತ್ತಿದ್ದೀರಿ. ಮುಂದೆ ಸಿಮೆಂಟ್ ಲಾರಿ; ಹಿಂದಿನ ಬಿಎಂಟಿಸಿ ಬಸ್ಸಿನ ದೀಪ ಕನ್ನಡಿಯನ್ನೆಲ್ಲ ತುಂಬಿದೆ. ಗೇರ್ ಇಳಿಸಲು ಎಡಗಾಲು ಒತ್ತುತ್ತೀರಿ. ಪೆಡಲ್ ಮೆತ್ತಗೆ ಕುಸಿದು ನೆಲ ಮುಟ್ಟಿ ಅಲ್ಲೇ ಕೂರುತ್ತದೆ. ಲಿವರ್ ಜಗ್ಗುತ್ತೀರಿ, ಜಗ್ಗುವುದಿಲ್ಲ. ಲಾರಿಯ ಕೆಂಪು ದೀಪ ಹತ್ತುತ್ತದೆ. ಬ್ರೇಕ್. ಕಾರು ಎರಡು ಸಲ ಎಗರಿ ಆಫ್ ಆಗುತ್ತದೆ. ಹಾರ್ನು, ಮತ್ತೊಂದು ಹಾರ್ನು. ಹ್ಯಾಂಡ್‌ಬ್ರೇಕ್ ಎಳೆಯುವ ಕೈ ಬೆವರಿಗೆ ಜಾರುತ್ತದೆ. 2019ರಲ್ಲೂ 2022ರಲ್ಲೂ ಕಾಂಕ್ರೀಟು ತೂತಾಗಿದ್ದ ಸೇತುವೆ ಇದು. ಬಸ್ಸು ಪಕ್ಕದಲ್ಲೇ ಹಾದುಹೋದಾಗ ಅದರ ಅದುರು ನಿಮ್ಮ ಸೀಟಿನೊಳಗೆ ಬರುತ್ತದೆ.

ಕಾರಿನೊಳಗೆ ಸುಟ್ಟ ವಾಸನೆ. ಅದು ನಿಮಗೆ ಗೊತ್ತಿರುವ ವಾಸನೆ. ಮೂರು ತಿಂಗಳ ಹಿಂದೆ ಇದೇ ವಾಸನೆ ಬಂದಿತ್ತು, ಇದೇ ಪಾರ್ಟ್ ಬದಲಾಗಿತ್ತು.

ಮರುದಿನ ಬೆಳಿಗ್ಗೆ ಕಾಮಾಕ್ಷಿಪಾಳ್ಯದ ಗ್ಯಾರೇಜು. ಟೋ ಮಾಡಿ ತಂದ ಕಾರು ಲಿಫ್ಟಿನ ಮೇಲಿದೆ. ಕೆಳಗೆ ಇಬ್ಬರು ಹುಡುಗರು. ಒಬ್ಬನ ತೋಳಿಗೆ ಮೊಣಕೈವರೆಗೆ ಗೇರ್ ಆಯಿಲ್ ಇಳಿದಿದೆ. ಸ್ಪಾನರ್ ಜಾರಿ ಕಬ್ಬಿಣಕ್ಕೆ ಬಡಿದಾಗ ನಿಮ್ಮ ಹಲ್ಲು ಜುಮ್ಮೆನ್ನುತ್ತದೆ. ಕೆಟ್ಟಿರುವುದು ಕ್ಲಚ್ಚಿನ ಸ್ಲೇವ್ ಸಿಲಿಂಡರ್. ಅಂಗೈಯಷ್ಟು ಅಗಲದ ಬಳೆ ಅದು, ಗೇರ್‌ಬಾಕ್ಸಿನ ಶಾಫ್ಟಿಗೆ ಸಿಕ್ಕಿಸಿಕೊಂಡು ಕೂತಿರುತ್ತದೆ. ಮುಟ್ಟಬೇಕೆಂದರೆ ಎರಡೂ ಆಕ್ಸಲ್ ಬಿಚ್ಚಬೇಕು, ಮೌಂಟಿಂಗ್ ಬಿಚ್ಚಬೇಕು, ಇಡೀ ಗೇರ್‌ಬಾಕ್ಸನ್ನು ಜಾಕ್ ಮೇಲೆ ಇಳಿಸಬೇಕು. ಕಳೆದ ಬಿಲ್ಲಿನಲ್ಲಿ ಪಾರ್ಟಿಗೆ 2,800 ರೂಪಾಯಿ. ಲೇಬರ್ 4,500, ಅದರ ಮೇಲೆ ಶೇಕಡ 18ರ ಜಿಎಸ್‌ಟಿ ಸೇರಿ 5,310. ಕೆಟ್ಟ ವಸ್ತುವಿಗಿಂತ ಅದರ ಹತ್ತಿರ ಹೋಗುವ ದಾರಿಯೇ ದುಬಾರಿ.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬರುತ್ತಾರೆ.

‘ವಾರಂಟೀಲಿದೆ ಸರ್, ಆರು ತಿಂಗಳು. ಪಾರ್ಟ್ ಫ್ರೀಯಾಗಿ ಬರುತ್ತೆ. ಲೇಬರ್ ಮಾತ್ರ ಆಗುತ್ತೆ.’

ಆ ‘ಮಾತ್ರ’ ನಿಮ್ಮ ಹೊಟ್ಟೆಯಲ್ಲಿ ತಣ್ಣಗೆ ಇಳಿಯುತ್ತದೆ. ಒಂದೇ ಕೆಲಸಕ್ಕೆ ಎರಡನೇ ಸಲ 5,310. ಒಪ್ಪಿದರೆ ಸಂಜೆಗೆ ಕಾರು ಸಿಗುತ್ತದೆ. ಒಪ್ಪದಿದ್ದರೆ ಅರ್ಧ ಬಿಚ್ಚಿದ ಕಾರು ಅವರ ಲಿಫ್ಟಿನಲ್ಲೇ. ಗಂಟಲು ಒಣಗುತ್ತದೆ. ‘ಮೊದಲು ಯಾಕೆ ಹೋಯ್ತು ಅಂತ ನೋಡೋಣ’ ಎನ್ನುತ್ತೀರಿ.

ಆ ಒಂದು ವಾಕ್ಯದ ಮೇಲೆ ಎಲ್ಲ ನಿಂತಿದೆ. ಸಿಲಿಂಡರಿನೊಳಗಿನ ರಬ್ಬರ್ ಸೀಲು ಊದಿಕೊಂಡಿದ್ದರೆ ಯಾರೋ ಬ್ರೇಕ್ ಫ್ಲೂಯಿಡ್ ಬದಲು ಖನಿಜ ತೈಲ ಸುರಿದಿದ್ದಾರೆಂದು ಅನುಮಾನಿಸಬೇಕು. ಗೇರ್‌ಬಾಕ್ಸಿಗೆ ಕೂರಿಸುವ ಮೊದಲೇ ಬಳೆಯನ್ನು ಒತ್ತಿ ಆಟವಾಡಿದ್ದರೂ ಸೀಲು ಹಾಳಾಗಬಹುದು. ಎರಡೂ ಕೈಕೆಲಸದ ತಪ್ಪು, ಗ್ಯಾರೇಜಿನದು. ಸೀಲು ಸರಿಯಿದ್ದು ಪ್ಲಾಸ್ಟಿಕ್ ಒಡಲೇ ಸೀಳಿದ್ದರೆ ಪಾರ್ಟ್ ತಯಾರಿಸಿದವರ ಕಡೆಗೆ ಬೆರಳು ತಿರುಗುತ್ತದೆ.

ಗೇರ್‌ಬಾಕ್ಸ್ ಇಳಿಯುತ್ತದೆ. ಹುಡುಗ ಟಾರ್ಚ್ ಹಿಡಿಯುತ್ತಾನೆ. ಕ್ಲಚ್ ಪ್ಲೇಟು ಫ್ಲೂಯಿಡ್ಡಿನಲ್ಲಿ ನೆಂದು ಮಿರುಗುತ್ತಿದೆ, ಮೂಗಿಗೆ ಖಾರ ಹೊಡೆಯುತ್ತದೆ. ಮೇಸ್ತ್ರಿ ಸಿಲಿಂಡರನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ತಿರುಗಿಸುತ್ತಾರೆ. ಯಾರೂ ಮಾತಾಡುವುದಿಲ್ಲ. ಪೈಪ್ ಸೇರುವ ಕತ್ತಿನಲ್ಲಿ ಕೂದಲೆಳೆಯ ಬಿರುಕು. ಸೀಲು ಹೊಸದರಂತಿದೆ. ‘ಮಾಲೇ ಸರಿಯಿಲ್ಲ’ ಎನ್ನುತ್ತಾರೆ ಮೇಸ್ತ್ರಿ. ಹುಡುಗ ಉಸಿರು ಬಿಡುವುದು ನಿಮಗೆ ಕೇಳಿಸುತ್ತದೆ. ಅವನ ಕೈ ತಪ್ಪಲ್ಲವೆಂದು ಈಗ ಅವನಿಗೂ ಗೊತ್ತು.

ಫೋನಿನಲ್ಲಿ ಫೋಟೊ ತೆಗೆಯುತ್ತೀರಿ. ಜಾಬ್ ಕಾರ್ಡಿನಲ್ಲಿ ಬಿರುಕಿನ ಮಾತು ಬರೆಯಿರಿ ಎನ್ನುತ್ತೀರಿ. ಹಳೆಯ ಪಾರ್ಟ್ ಕಣ್ಣಿಂದ ಮರೆಯಾದರೆ ನಿಮ್ಮ ವಾದವೂ ಅದರೊಂದಿಗೆ ಹೋಗುತ್ತದೆ.

ವಾರಂಟಿ ಕಾಗದ ಮಾತ್ರ ನಿಮ್ಮ ಪರವಾಗಿಲ್ಲ. ಪಾರ್ಟ್ ಬದಲಿಸಿಕೊಡುತ್ತೇವೆ, ಬಿಚ್ಚಿ ಕಟ್ಟುವ ಕೂಲಿ ಸೇರಿಲ್ಲ ಎನ್ನುತ್ತದೆ ಅದು. ಕಾಗದದ ಮಾತಿಗೆ ನ್ಯಾಯಾಲಯದಲ್ಲೂ ತೂಕವಿದೆ: 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಾರಂಟಿ ಇರುವುದು ಕೆಟ್ಟ ಬಿಡಿಭಾಗ ಬದಲಿಸಲು, ಇಡೀ ಕಾರು ಬದಲಿಸಲಲ್ಲ ಎಂದಿತು. ಆದರೆ ನೀವು ಕೈಯಲ್ಲಿ ಹಿಡಿದಿರುವುದು ಆ ಕಾಗದವೊಂದೇ ಅಲ್ಲ, ಗ್ಯಾರೇಜಿನ ಬಿಲ್ಲೂ ಇದೆ. ಪಾರ್ಟನ್ನು ಜೆ.ಸಿ. ರೋಡಿನಿಂದ ತರಿಸಿದವರು ಅವರು, ತಮ್ಮ ಲಾಭ ಸೇರಿಸಿ ನಿಮಗೆ ಮಾರಿದವರು ಅವರು, ಕೂರಿಸಿದವರೂ ಅವರೇ. 1930ರ ಸರಕು ಮಾರಾಟ ಕಾಯ್ದೆ ಮಾರಿದವನ ಮೇಲೂ ಹೊಣೆ ಹೊರಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿರುವ ಜಿಲ್ಲಾ ಆಯೋಗದ ಮೆಟ್ಟಿಲು ಹತ್ತಲು ಎರಡು ವರ್ಷ ಕಾಲಾವಕಾಶವಿದೆ. 5 ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲ.

ಅದೇ ನೀವು ನಾಲ್ಕು ಕಾಸು ಉಳಿಸಲು ಜೆ.ಸಿ. ರೋಡಿಗೆ ನೀವೇ ಹೋಗಿ ಪಾರ್ಟ್ ತಂದು ಕೊಟ್ಟಿದ್ದರೆ? ಆಗ ಆ ಹುಡುಗರು ಪುಕ್ಕಟೆಯಾಗಿ ಕಾರಿನಡಿ ದಿನವಿಡೀ ಇರಲಿ ಎಂದು ಕೇಳುವ ಹಕ್ಕು ನಿಮಗಿರುತ್ತಿರಲಿಲ್ಲ. ಅವರ ಬೆವರಿಗೆ ಬೆಲೆ ಕೊಡಬೇಕಿದ್ದವರು ನೀವೇ. ಆ ನಷ್ಟಕ್ಕೆ ಅಂಗಡಿಯವನನ್ನು ಹಿಡಿಯಬೇಕಿತ್ತು. ಬಿರುಕು ಬಿಟ್ಟ ಮಾಲು ಕಳಿಸಿದ ಕಂಪನಿ ಮಾತ್ರ ಎರಡೂ ಲೆಕ್ಕದಲ್ಲಿ ಒಂದು ಹೊಸ ಬಳೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಸಿಟ್ಟು ಬರಬೇಕಾದದ್ದು ಅದರ ಮೇಲೆ.

‘ಪಾರ್ಟ್ ನಿಮ್ಮ ಬಿಲ್ಲಲ್ಲಿದೆ ಮೇಸ್ತ್ರಿ. ಲೇಬರ್ ನಾನು ಎರಡನೇ ಸಲ ಕೊಡಲ್ಲ.’ ದನಿ ನಡುಗದಂತೆ ಹೇಳುತ್ತೀರಿ. ಅವರು ಹುಡುಗರ ಕಡೆ ನೋಡುತ್ತಾರೆ. ಆ ನೋಟ ನಿಮಗೂ ನಾಟುತ್ತದೆ. ಇವತ್ತಿನ ಕೂಲಿ ಅವರು ಜೇಬಿನಿಂದಲೇ ಕೊಡಬೇಕು.

‘ಪ್ಲೇಟು?’ ಎನ್ನುತ್ತಾರೆ.

ನೆಂದ ಪ್ಲೇಟೂ ಅದೇ ಬಿರುಕಿನ ಫಲ. ಆದರೆ ಅದು ಮುಕ್ಕಾಲು ಸವೆದದ್ದು, ಹೇಗಿದ್ದರೂ ಬದಲಿಸಬೇಕಿತ್ತು. ‘ಪ್ಲೇಟಿನ ದುಡ್ಡು ನಂದು. ಲೇಬರ್ ನಿಮ್ಮದು. ನೀವು ಕಂಪನೀಲಿ ವಸೂಲು ಮಾಡಿ, ಫೋಟೊ ಕೊಡ್ತೀನಿ, ಬೇಕಾದ್ರೆ ಬರೆದೂ ಕೊಡ್ತೀನಿ.’

ಮೇಸ್ತ್ರಿ ಅಲ್ಲೇ ಜೆ.ಸಿ. ರೋಡಿಗೆ ಫೋನ್ ಹಚ್ಚುತ್ತಾರೆ. ಆ ಕಡೆಯಿಂದ ಅದೇ ಮಾತು: ಪಾರ್ಟ್ ತಗೊಂಡು ಹೋಗಿ, ಲೇಬರ್ ಕಂಪನೀಲಿ ಇಲ್ಲ.

‘ಇಲ್ಲ ಅಂತ ಅವರೇ ಬರೆದು ಕೊಡ್ಲಿ ಅಣ್ಣ,’ ಮೇಸ್ತ್ರಿಯ ದನಿ ಏರುತ್ತದೆ. ‘ಲೇಬರ್ ಬಿಲ್ ಹಾಕಿ ಪಾರ್ಟ್ ಜೊತೆ ಕಳಿಸ್ತಿದೀನಿ. ಕಸ್ಟಮರೂ ಸೈನ್ ಹಾಕ್ತಾರೆ.’

ಪೆನ್ನು ನಿಮ್ಮ ಕಡೆ ಚಾಚುತ್ತಾರೆ.