ರಾತ್ರಿ ಮಗ್ಗುಲು ಬದಲಿಸುವವರು ಯಾರು?

ಅಮ್ಮನಿಗೆ ಸ್ಟ್ರೋಕ್ ಆದದ್ದು ಮಿದುಳಿನ ಎಡಭಾಗದಲ್ಲಿ. ಹಾಗಾದಾಗ ಬಲಗೈ, ಬಲಗಾಲಿನ ಜೊತೆಗೆ ಮಾತೂ ಹೋಗುವುದುಂಟು. ಅಮ್ಮನಿಗೆ ಎಲ್ಲವೂ ಹೋದವು. ಉಳಿದದ್ದು 'ಹ್ಞೂಂ' ಮತ್ತು 'ಅದು' ಅಷ್ಟೇ. ಹಸಿವಾದರೂ ಅದು, ಬಾಯಾರಿದರೂ ಅದು, ನನ್ನನ್ನು ಕರೆಯಬೇಕಾದರೂ ಅದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ಹೆಂಗಸು.

ಆಸ್ಪತ್ರೆಯವರು ಡಿಸ್ಚಾರ್ಜ್ ಮಾಡುವಾಗ, ಇನ್ನು ಚಿಕಿತ್ಸೆ ಎನ್ನುವಂಥದ್ದು ಏನೂ ಇಲ್ಲ, ಆರೈಕೆ ಅಷ್ಟೇ ಎಂದರು. ನಮ್ಮ ಮನೆ ರಾಜಾಜಿನಗರದಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ನನ್ನದು ಬ್ಯಾಂಕಿನ ಕೌಂಟರ್ ಕೆಲಸ, ನನ್ನವರದು ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ, ತಮ್ಮ ಅಮೆರಿಕದ ಓಹಾಯೋದಲ್ಲಿ. ಏಜೆನ್ಸಿಯಿಂದ ಬಂದ ಹೋಂ ನರ್ಸ್ ಹಬ್ಬಕ್ಕೆ ಊರಿಗೆ ಹೋದವಳು ಫೋನೂ ಎತ್ತಲಿಲ್ಲ. ಅವಳ ಬದಲಿಗೆ ಬಂದವಳಿಗೆ ಅಮ್ಮನನ್ನು ಎತ್ತಿ ಕೂರಿಸುವ ಶಕ್ತಿಯೇ ಇರಲಿಲ್ಲ. ಹೆತ್ತ ತಾಯಿಯನ್ನು ಹೊರಗೆ ಬಿಡುವುದೇ ಎಂದು ಕೇಳಿದ ನೆಂಟರು ಬಹಳ. ಒಂದು ರಾತ್ರಿ ಬಂದು ಕೂರುತ್ತೇನೆ ಎಂದವರು ಒಬ್ಬರೂ ಇಲ್ಲ.

ನಮ್ಮಲ್ಲಿ ನರ್ಸಿಂಗ್ ಹೋಂ ಎಂದು ಬೋರ್ಡು ಹಾಕಿಕೊಂಡಿರುವವು ಹೆರಿಗೆ, ಆಪರೇಷನ್ ಮಾಡುವ ಸಣ್ಣ ಆಸ್ಪತ್ರೆಗಳು. ಹಾಸಿಗೆ ಹಿಡಿದವರನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಜಾಗಗಳಿಗೆ ಎಲ್ಡರ್ ಕೇರ್, ಕೇರ್ ಸೆಂಟರ್ ಎಂಬ ಹೆಸರು. ನಾವು ಸೇರಿಸಿದ ಕೇರ್ ಸೆಂಟರಿನ ಮುಂಬಾಗಿಲಲ್ಲಿ ಗ್ರಾನೈಟ್ ಹಾಸು, ಗೋಡೆ ತುಂಬ ರಾಜ್ಯೋತ್ಸವ, ದೀಪಾವಳಿಯ ಫೋಟೋಗಳು. ಮ್ಯಾನೇಜರು ಎ.ಸಿ. ತೋರಿಸಿದರು, ಟಿ.ವಿ. ತೋರಿಸಿದರು, ಸಿಸಿಟಿವಿ ಪರದೆ ತೋರಿಸಿದರು. ಎರಡು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್. ಡೈಪರ್, ಔಷಧಿ, ಫಿಸಿಯೋಥೆರಪಿ ಬೇರೆ.

ತಮ್ಮ ಫೋನಿನಲ್ಲಿ, "ಅಕ್ಕ, ರೇಟಿಂಗ್ ನೋಡಿದೆಯಾ?" ಎಂದ. ಅಲ್ಲಿ ಸರ್ಕಾರವೇ 2008ರಿಂದ ನರ್ಸಿಂಗ್ ಹೋಂಗಳಿಗೆ ಒಂದರಿಂದ ಐದು ನಕ್ಷತ್ರ ಕೊಡುತ್ತದೆ. ಇನ್‌ಸ್ಪೆಕ್ಟರುಗಳು ಹೇಳದೆ ಕೇಳದೆ ಬರುತ್ತಾರೆ, ಅವರು ಬರೆದ ವರದಿಯನ್ನು ಯಾರು ಬೇಕಾದರೂ ಓದಬಹುದು. ಅಲ್ಲಿಯೂ ಮೊದಲು ಸಿಬ್ಬಂದಿ ಎಷ್ಟಿದ್ದಾರೆಂದು ಹೋಮಿನವರು ಬರೆದುಕೊಟ್ಟದ್ದನ್ನೇ ನಂಬುತ್ತಿದ್ದರು, ಆಮೇಲೆ ಸಂಬಳದ ಲೆಕ್ಕದಿಂದ ತೆಗೆಯಲು ಶುರುಮಾಡಿದರು. ನಮಗಿದ್ದದ್ದು ಗೂಗಲ್‌ನ ನಕ್ಷತ್ರ. ಅವನ್ನು ಕೊಟ್ಟವರು ಬಹುಪಾಲು ಅವನ ಹಾಗೆ ದೂರದೇಶದಲ್ಲಿರುವ ಮಕ್ಕಳು. ಪಾಪ, ಅವರು ನೋಡುವುದೂ ಫೋಟೋ ಮಾತ್ರ.

ಆ ಫೋಟೋ ನನಗೂ ದಿನಾ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿತ್ತು. ತಲೆ ಬಾಚಿ, ಮುಖಕ್ಕೆ ಪೌಡರ್ ಹಾಕಿ, ವಿಭೂತಿ ಇಟ್ಟು ಅಮ್ಮನನ್ನು ದಿಂಬಿಗೆ ಒರಗಿಸಿರುತ್ತಿದ್ದರು. 'ಗುಡ್ ಮಾರ್ನಿಂಗ್, ಅಜ್ಜಿ ಈಸ್ ಫೈನ್.' ಎಲ್ಲ ಫೋಟೋಗಳೂ ಸೊಂಟದಿಂದ ಮೇಲಿನವು ಎಂಬುದು ಹೊಳೆಯುವುದಕ್ಕೆ ಸ್ವಲ್ಪ ಕಾಲ ಬೇಕಾಯಿತು. ಭೇಟಿಯ ಹೊತ್ತು ಸಂಜೆ ನಾಲ್ಕರಿಂದ ಆರು. ಆ ಹೊತ್ತಿಗೆ ಎಲ್ಲರ ಮೈ ಒರೆಸಿ, ಹೊಸ ಶೀಟ್ ಹಾಸಿ, ಕಾರಿಡಾರಿಗೆ ಫಿನಾಯಿಲ್ ಹಾಕಿ ಸಾರಿಸಿರುತ್ತಿದ್ದರು.

ಮೊದಲು ಸುಳಿವು ಕೊಟ್ಟದ್ದು ಬಳೆ. ಅಮ್ಮನ ಎಡಗೈಯ ಚಿನ್ನದ ಬಳೆಯನ್ನು ಸೋಪು ಹಚ್ಚದೆ ತೆಗೆಯಲು ಆಗುತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಹೊತ್ತಿನಲ್ಲಿ ನರ್ಸ್ ಅದಕ್ಕಾಗಿ ಒದ್ದಾಡಿದ್ದಳು. ಅದೇ ಬಳೆ ಈಗ ಮೊಣಕೈವರೆಗೆ ಓಡಾಡುತ್ತಿತ್ತು. ತೂಕ ಎಷ್ಟಿದೆ ಎಂದು ಕೇಳಿದೆ. ಮಲಗಿರುವವರನ್ನು ತೂಗುವ ಯಂತ್ರ ನಮ್ಮಲ್ಲಿಲ್ಲ ಎಂದರು. ಊಟ ಸರಿಯಾಗಿ ಮಾಡುತ್ತಾರಾ ಎಂದರೆ, "ಫುಲ್ ಪ್ಲೇಟ್ ಮೇಡಂ" ಎಂದು ರಿಜಿಸ್ಟರ್ ಮುಂದಿಟ್ಟರು.

ಒಂದು ಭಾನುವಾರ ಏನೋ ನೆಪ ಹೇಳಿ ರಾತ್ರಿ ಊಟದ ಹೊತ್ತಿಗೆ ಒಳಗೆ ಹೋದೆ. ಅಮ್ಮನನ್ನು ಅರ್ಧ ಮಲಗಿಸಿ ಅನ್ನ ಸಾರು ತಿನ್ನಿಸುತ್ತಿದ್ದರು. ಸ್ಟ್ರೋಕ್ ಆದವರಿಗೆ ನುಂಗುವ ಸ್ನಾಯುಗಳೂ ಸೋತಿರುವುದುಂಟು. ನೀರು, ಸಾರಿನಂಥ ತೆಳುವಾದದ್ದು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿದುಬಿಡಬಹುದು. ಅದಕ್ಕೇ ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ನೆಟ್ಟಗೆ ಕೂರಿಸಿ, ಗಂಜಿಯ ಹದಕ್ಕೆ ಗಟ್ಟಿ ಮಾಡಿ, ಚಮಚ ಚಮಚವಾಗಿ ಕೊಡಬೇಕು, ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬಾರದು ಎಂದು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ಮಂಚದ ತಲೆಗಡೆ ಅಂಟಿಸಿತ್ತು, ಇಂಗ್ಲಿಷಿನಲ್ಲಿ. ತಿನ್ನಿಸುತ್ತಿದ್ದ ಹುಡುಗಿಗೆ ಇಂಗ್ಲಿಷ್ ಬಾರದು. ಪ್ರತಿ ಎರಡನೇ ತುತ್ತಿಗೆ ಅಮ್ಮ ಕೆಮ್ಮುತ್ತಿದ್ದಳು. ಹುಡುಗಿ ಬೆನ್ನು ತಟ್ಟಿ ಮುಂದಿನ ತುತ್ತು ಇಡುತ್ತಿದ್ದಳು. ನಾನು ತಟ್ಟೆ ಇಸಿದುಕೊಂಡು ಕೂತೆ. ನಲವತ್ತು ನಿಮಿಷ ಹಿಡಿಯಿತು. ಅವಳು ಅಷ್ಟು ಹೊತ್ತಿನಲ್ಲಿ ಇಡೀ ಸಾಲು ಮುಗಿಸಬೇಕು.

ಅವಳು ರಾಯಚೂರಿನ ಕಡೆಯವಳು. ನಾನು ಕಾಲಿನ ಮೇಲಿದ್ದ ಹೊದಿಕೆ ಸರಿಸಲು ಹೋದಾಗ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಅಕ್ಕಾರ, ರಾತ್ರಿಗೆ ನಾ ಒಬ್ಬಾಕಿನೇ ಅದೀನ್ರೀ. ಹದಿನಾಲ್ಕು ಮಂದಿ. ಯಾರನ್ನಂತ ಹೊಳ್ಳಿಸಲಿ?" ಎಂದಳು.

ಹಿಮ್ಮಡಿ ನೋಡಿದೆ. ಬಲಗಾಲಿನದು, ಸ್ವಾಧೀನವಿಲ್ಲದ್ದು. ರೂಪಾಯಿ ಅಗಲ ಕಪ್ಪುಗೆಂಪಾಗಿತ್ತು. ಒಂದೇ ಕಡೆ ಭಾರ ಬಿದ್ದು ರಕ್ತ ಹರಿಯದಿದ್ದರೆ ಹೀಗಾಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಚಿ ಮತ್ತೆ ಕೆಂಪಾದರೆ ಅಷ್ಟು ಹೆದರಬೇಕಿಲ್ಲ, ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಬೆಡ್ ಸೋರಿನ ಮೊದಲ ಹಂತ. ನಮ್ಮಂಥ ಕಪ್ಪು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ, ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿಯೇ ನೋಡಬೇಕು. ಇದೆಲ್ಲ ಆಮೇಲೆ ಕಲಿತದ್ದು. ಆ ರಾತ್ರಿ ನನಗೆ ತಿಳಿದದ್ದು, ಒತ್ತಿದರೂ ಅದು ಹಾಗೆಯೇ ಇದೆ ಎಂಬುದಷ್ಟೇ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಕದ ಹಾಗೆ ಮಾಡಿದೆ, ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ಮಂಚದ ಕಾಲಿಗೆ ಒಂದು ಚಾರ್ಟ್ ನೇತುಹಾಕಿತ್ತು. ಎರಡೆರಡು ಗಂಟೆಗೆ ಎಡ, ಬೆನ್ನು, ಬಲ ಎಂದು ಮಗ್ಗುಲು ಬದಲಿಸಿ ಸಹಿ ಹಾಕಬೇಕಾದದ್ದು. ಆಗ ರಾತ್ರಿ ಎಂಟೂವರೆ. ಹತ್ತು ಗಂಟೆ, ಹನ್ನೆರಡು, ಎರಡು, ನಾಲ್ಕು, ಬೆಳಗಿನ ಆರರ ಮನೆಗಳಲ್ಲೂ ಆಗಲೇ ಸಹಿ ಬಿದ್ದಿತ್ತು, ಎಲ್ಲ ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ವಾಲಿಕೆಯಲ್ಲಿ. ಅದರ ಫೋಟೋವನ್ನೂ ತೆಗೆದೆ. ಮರುದಿನ ಕೇಳಿದಾಗ ಸೂಪರ್‌ವೈಸರ್ ನಗುತ್ತಲೇ ಹೇಳಿದರು: "ಅದು ಆಡಿಟ್‌ಗೆ ಮೇಡಂ." ಯಾರು ಮಾಡುವ ಆಡಿಟ್ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ.

ಬೇರೆ ಜಾಗ ಹುಡುಕಲು ಶುರುಮಾಡಿದ ವಾರದಲ್ಲೇ ಅಮ್ಮನಿಗೆ ಜ್ವರ ಬಂತು. ಸ್ವಲ್ಪ ಟೆಂಪರೇಚರ್ ಇದೆ, ಡೋಲೋ ಕೊಟ್ಟಿದ್ದೇವೆ ಎಂದು ಮೆಸೇಜ್. ಅಂದೂ ಫೋಟೋ ಬಂದಿತ್ತು, ವಿಭೂತಿಯೊಂದಿಗೆ. ನಾನು ಬ್ಯಾಂಕಿನಿಂದ ಹೋಗುವ ಹೊತ್ತಿಗೆ ಉಸಿರಿಗೆ ಪಕ್ಕೆ ಎಳೆಯುತ್ತಿತ್ತು. ಆಂಬುಲೆನ್ಸಿನಲ್ಲಿ ನನ್ನ ಮುಂಗೈ ಹಿಡಿದುಕೊಂಡು "ಅದು, ಅದು, ಅದು" ಎನ್ನುತ್ತಲೇ ಇದ್ದಳು. ಎಮರ್ಜೆನ್ಸಿಯಲ್ಲಿ ಬಟ್ಟೆ ಬದಲಿಸಲು ಹೊರಳಿಸಿದ ನರ್ಸ್ ಒಂದು ಕ್ಷಣ ಸುಮ್ಮನಾಗಿ, "ಇದನ್ನ ನೋಡಿದ್ದೀರಾ?" ಎಂದು ನನ್ನನ್ನು ಕರೆದಳು. ಬೆನ್ನಿನ ಬುಡದಲ್ಲಿ, ಡೈಪರ್ ಮುಚ್ಚುವ ಜಾಗದಲ್ಲಿ, ಮುಷ್ಟಿ ಹಿಡಿಸುವಷ್ಟು ಗುಳಿ. ಅಂಚು ಕಪ್ಪು, ಒಳಗೆ ಹಳದಿ. ಮೂರನೇ ಹಂತ ಎಂದರು. ಚರ್ಮ ಪೂರ್ತಿ ಹೋಗಿ ಕೆಳಗಿನ ಕೊಬ್ಬು ಕಾಣುತ್ತದೆ, ನಾಲ್ಕನೆಯದರಲ್ಲಿ ಮೂಳೆ. ಆ ವಾಸನೆಯ ಬಗ್ಗೆ ಬರೆಯಲಾರೆ. ಎದೆಯ ಎಕ್ಸ್‌ರೇಯಲ್ಲಿ ಬಲಗಡೆ ನ್ಯುಮೋನಿಯಾ, ಆಹಾರ ಶ್ವಾಸಕೋಶಕ್ಕೆ ಇಳಿದು ಬಂದದ್ದು.

ಸತ್ತ ಚರ್ಮ ಕತ್ತರಿಸಿ ತೆಗೆಯುವಾಗ ಅಮ್ಮ ಕಿರುಚಿದಳು. ಮಾತು ಹೋದವರಿಗೆ ದನಿ ಹೋಗಿರುವುದಿಲ್ಲ.

ಅಮ್ಮ ವಾರ್ಡಿನಲ್ಲಿದ್ದಾಗಲೇ ದೂರು ಯಾರಿಗೆ ಕೊಡುವುದೆಂದು ವಿಚಾರಿಸಿದೆ. ಖಾಸಗಿ ಆಸ್ಪತ್ರೆಗಳಿಗೆ ನಮ್ಮಲ್ಲಿ ಕೆಪಿಎಂಇ ಕಾಯ್ದೆ ಇದೆ, 2007ರದು, ನೋಂದಣಿ ಇಲ್ಲದೆ ನಡೆಸುವಂತಿಲ್ಲ. ಅದರ ಕಚೇರಿಯಲ್ಲಿ ಕೇರ್ ಸೆಂಟರಿನವರು ಚಿಕಿತ್ಸೆ ಕೊಡುತ್ತಾರಾ ಎಂದು ಕೇಳಿದರು. ಆರೈಕೆ ಎಂದೆ. ಹಾಗಾದರೆ ನಮಗೆ ಬರುವುದಿಲ್ಲ ಎಂದರು. ಹಿರಿಯ ನಾಗರಿಕರ ಕೆಲಸ ನೋಡುವ ಇನ್ನೊಂದು ಕಚೇರಿಯಲ್ಲಿ ಅದು ಅನುದಾನ ಪಡೆಯುವ ವೃದ್ಧಾಶ್ರಮವೇ ಎಂದು ಕೇಳಿದರು. ಅಲ್ಲ ಎಂದೆ. ಅಲ್ಲಿಗೂ ಬರಲಿಲ್ಲ. ತಂದೆ ತಾಯಿಯ ಪೋಷಣೆಯ 2007ರ ಕೇಂದ್ರ ಕಾಯ್ದೆ ಇದೆಯಲ್ಲ, ಅದು ಮಕ್ಕಳ ಹೊಣೆಯನ್ನು ವಿವರವಾಗಿ ಹೇಳುತ್ತದೆ. ಹಿರಿಯರನ್ನು ಎಲ್ಲಾದರೂ ಬಿಟ್ಟು ಕೈತೊಳೆದುಕೊಂಡರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ದುಡ್ಡು ಪಡೆದು ನೋಡಿಕೊಳ್ಳುವವರು ಹೀಗೆ ನೋಡಿಕೊಂಡರೆ ಏನು? ಆರೈಕೆ ಕೇಂದ್ರಗಳು ನೋಂದಣಿ ಮಾಡಿಸಬೇಕು, ಕನಿಷ್ಠ ಗುಣಮಟ್ಟ ಇರಬೇಕು ಎನ್ನುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು, ಕಾಯ್ದೆಯಾಗದೆ ಆ ಲೋಕಸಭೆಯ ಜೊತೆಗೇ ಮುಗಿಯಿತು. ಸಹಾಯವಾಣಿಗಳಿವೆ, ಬೆಂಗಳೂರಿನಲ್ಲಿ 1090, ದೇಶಕ್ಕೆಲ್ಲ 14567. ಕಷ್ಟದಲ್ಲಿರುವವರು ಮಾಡಿ, ಸುಮ್ಮನಿರುವುದಕ್ಕಿಂತ ಮೇಲು.

ಎರಡನೇ ಸಲ ಜಾಗ ನೋಡಲು ಹೊರಟಾಗ ನಾನು ಎಲ್ಲಿಯೂ ರೂಮು ತೋರಿಸಿ ಎನ್ನಲಿಲ್ಲ. ರಾತ್ರಿ ಎಂಟರ ಹೊತ್ತಿಗೆ ಹೋಗುತ್ತಿದ್ದೆ, ಆದಷ್ಟೂ ಭಾನುವಾರ. ಫೋನ್ ಮಾಡಿ ಬನ್ನಿ ಎಂದು ಗೇಟಿನಲ್ಲೇ ತಡೆದವರ ಕಡೆಗೆ ಮತ್ತೆ ಹೋಗಲಿಲ್ಲ. ಒಳಗೆ ಬಿಟ್ಟಲ್ಲಿ ಮೊದಲು ಮೂಗು ಕೆಲಸ ಮಾಡುತ್ತಿತ್ತು. ಮೂತ್ರದ ವಾಸನೆ ಒಂದು ಮಂಚದ ಹತ್ತಿರ ಬಂದರೆ ಅದು ಈಗ ಆದದ್ದು, ಇಡೀ ಕಾರಿಡಾರಿನಲ್ಲಿ ಬಂದರೆ ದಿನದ್ದು. ಫಿನಾಯಿಲ್ ವಾಸನೆ ತೀರಾ ಗಾಢವಾಗಿದ್ದಲ್ಲಿಯೂ ನನಗೆ ಅನುಮಾನ. ಕುಡಿಯುವ ನೀರು ಎಲ್ಲಿಟ್ಟಿದ್ದಾರೆ ಎಂದು ನೋಡುತ್ತಿದ್ದೆ. ಎಡಗೈ ಮಾತ್ರ ಆಡುವವರ ಲೋಟ ಬಲಗಡೆಯ ಸ್ಟೂಲಿನ ಮೇಲಿದ್ದರೆ ಅದು ಇದ್ದೂ ಇಲ್ಲ. ಒಂದು ಕಡೆ ಕರೆಗಂಟೆಯ ವೈರನ್ನು ಕೈಗೆ ಸಿಗದ ಹಾಗೆ ಮೇಲಕ್ಕೆ ಸುತ್ತಿ ಕಟ್ಟಿದ್ದರು. ಸುಮ್ಮಸುಮ್ಮನೆ ಒತ್ತುತ್ತಾರೆ ಎಂದರು. ಇನ್ನೊಂದು ಕಡೆ ಮೂತ್ರದ ಬ್ಯಾಗನ್ನು ರೋಗಿಯ ಪಕ್ಕದಲ್ಲೇ, ಹಾಸಿಗೆಯ ಮೇಲೆ ಇಟ್ಟಿದ್ದರು. ಅದು ಮೂತ್ರಕೋಶಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಕಬಾರದು, ಇಲ್ಲದಿದ್ದರೆ ಸೋಂಕು. ಮತ್ತೊಂದು ಕಡೆ ಎಂಟು ಗಂಟೆಗೆಲ್ಲ ಎಲ್ಲರೂ ಗಾಢ ನಿದ್ರೆ. ಶಾಂತವಾಗಿದೆಯಲ್ಲ ಎಂದು ಮಾಲೀಕರು ಹೆಮ್ಮೆಪಟ್ಟರು. ಅಷ್ಟು ಜನ ಮುದುಕರು ಒಟ್ಟಿಗೆ ಅಷ್ಟು ಬೇಗ ತಾವಾಗಿ ಮಲಗುವುದಿಲ್ಲ, ನಿದ್ದೆ ಮಾತ್ರೆ ಯಾರು ಬರೆದುಕೊಟ್ಟದ್ದು ಎಂದು ಕೇಳಿದೆ. ಆ ಮಾತು ಅಲ್ಲಿಗೇ ನಿಂತಿತು.

ಎಲ್ಲ ಕಡೆ ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳಿದೆ: ರಾತ್ರಿ ಎರಡು ಗಂಟೆಗೆ ಯಾರು ಎದ್ದಿರುತ್ತಾರೆ, ಅವರ ಜೊತೆ ಮಾತಾಡಬಹುದೇ? ಸ್ಟಾಫ್ ಎಷ್ಟು ಎಂದರೆ ಅಡುಗೆಯವರು, ಡ್ರೈವರು, ಸೆಕ್ಯುರಿಟಿಯವರನ್ನೂ ಸೇರಿಸಿ ಹೇಳುತ್ತಾರೆ.

ಮಾಗಡಿ ರಸ್ತೆಯ ಆಚೆ ಸುಣ್ಣ ಉದುರುತ್ತಿದ್ದ ಒಂದು ಮನೆ ಸಿಕ್ಕಿತು. ಗ್ರಾನೈಟ್ ಇಲ್ಲ, ಎ.ಸಿ. ಇಲ್ಲ. ನಡೆಸುವವರು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ನಾನು ಕೇಳುವ ಮೊದಲೇ, "ನೋಡಮ್ಮ, ರಾತ್ರಿ ನಮ್ಮಲ್ಲಿ ಇಬ್ಬರೇ ಇರೋದು, ಮಂಚ ಹನ್ನೊಂದು. ಅದಕ್ಕಿಂತ ಜಾಸ್ತಿ ನನ್ನ ಕೈಲಿ ಆಗಲ್ಲ" ಎಂದರು. ಅಮ್ಮ ಬಂದ ದಿನ ಮೊದಲು ಮಾಡಿದ ಕೆಲಸ, ಪೂರ್ತಿ ಮೈ ನೋಡಿ, ಎಲ್ಲೆಲ್ಲಿ ಏನಿದೆ ಎಂದು ಬರೆದು, ಸ್ಕೇಲ್ ಇಟ್ಟು ಗಾಯ ಅಳೆದು ನನ್ನ ಸಹಿ ತೆಗೆದುಕೊಂಡದ್ದು. ಮೊದಲಿನ ಜಾಗದಲ್ಲಿ ಯಾರೂ ಹಾಗೆ ಬರೆದಿಟ್ಟಿರಲಿಲ್ಲ. ಥೆರಪಿಸ್ಟ್ ಚೀಟಿಯನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ ಅಡುಗೆಮನೆಯಲ್ಲಿ ಅಂಟಿಸಿದರು. ಇಲ್ಲೂ ಎಲ್ಲ ಸರಿ ಇತ್ತು ಎನ್ನಲಾರೆ. ಅಮ್ಮನ ಎರಡು ಸ್ವೆಟರ್ ಕಳೆದವು, ಡೈಪರ್ ಬಿಲ್ಲಿನ ಬಗ್ಗೆ ತಿಂಗಳು ತಿಂಗಳೂ ಜಟಾಪಟಿ. ಗಾಯ ಮಾಯಲು ಮಳೆಗಾಲವೆಲ್ಲ ಹಿಡಿದು ಸಂಕ್ರಾಂತಿ ದಾಟಿತು. ದಿನಾ ಡ್ರೆಸ್ಸಿಂಗ್, ಗಾಳಿ ಹಾಸಿಗೆ, ಹಿಟ್ಟು ಮಾಡಿದ ಹುರಿಗಡಲೆ ಕಲಸಿದ ರಾಗಿ ಗಂಜಿ. ಬಳೆ ಮತ್ತೆ ಮುಂಗೈಯಲ್ಲಿ ನಿಂತಿತು.

ಮೊದಲಿನ ಕೇರ್ ಸೆಂಟರಿನವರು ಅಡ್ವಾನ್ಸ್ ಕೊಡಲಿಲ್ಲ. ನೋಟಿಸ್ ಕೊಡದೆ ಬಿಟ್ಟಿರಿ ಎಂದು ಪತ್ರ ಬರೆದರು. ಪರಿಚಯದ ವಕೀಲರೊಬ್ಬರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ, ದುಡ್ಡು ಕೊಟ್ಟು ಪಡೆದ ಸೇವೆ ಇದು ಎಂದರು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟಿದ್ದೇನೆ. ಹಿಮ್ಮಡಿಯ ಫೋಟೋ, ಮಾರನೆಯ ಬೆಳಗಿನ ಆರು ಗಂಟೆಯವರೆಗೆ ಸಹಿ ಬಿದ್ದ ಚಾರ್ಟಿನ ಫೋಟೋ, ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ ಲಗತ್ತಿಸಿದ್ದೇನೆ. ಅವರ ಕಡೆಯ ಉತ್ತರವೂ ಬಂದಿದೆ. ಅದರ ಜೊತೆ ಅವರು ಲಗತ್ತಿಸಿರುವುದು ಆ ವಾಟ್ಸ್ಆ್ಯಪ್ ಫೋಟೋಗಳನ್ನು.